ಮಂಜು ತುಂಬಿದ ಡಬ್ಬ

ಅಂಗಡಿಯಿಂದ,
ತಾರೀಖು ೬, ಸೋಮವಾರ

ಪ್ರೀತಿಯ ತಮ್ಮಾ,

ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನ ಕೈಗೆ ಪೆನ್ನು ಕೊಟ್ಟು ತಮಾಷೆ ನೋಡುತ್ತಿದ್ದೀಯ. 'ಕ್ಯಾಮೆರಾ ತಗೊಳ್ಳೋದಾದ್ರೆ ತಗೊ, ಆದ್ರೆ ನಿನ್ನ ದೊಡ್ಡಪ್ಪ ಕೈಯಾರೆ ಕಾಗದ ಬರೆದು ಒಳ್ಳೇದು ಅನ್ನಲಿ' ಎಂದು ಮಗಳಿಗೆ ಫೋನಿನಲ್ಲಿ ಹೇಳಿದೆಯಂತೆ. ಅಣ್ಣ ಬರೆಯುವುದಿಲ್ಲ, ಬರೆದರೂ ಒಳ್ಳೇದು ಅನ್ನುವುದಿಲ್ಲ, ಬೇಡ ಅಂದ ಕೆಟ್ಟ ಹೆಸರೂ ತನಗೆ ಬರುವುದಿಲ್ಲ ಎಂಬುದು ನಿನ್ನ ಉಪಾಯ. ಚಿಕ್ಕಂದಿನಿಂದಲೂ ನೀನು ಹೀಗೇ, ಕಲ್ಲು ಎಸೆದು ಕೈ ಹಿಂದೆ ಕಟ್ಟಿಕೊಂಡು ನಿಲ್ಲುವವನು. ಫೋನಿನಲ್ಲಿ ಹೇಳಿ ಮುಗಿಸೋಣ ಅಂದರೆ ನಾನು ಎರಡನೇ ಮಾತಿಗೆ ರೇಗುತ್ತೇನೆ, ನೀನು ಮೂರನೇ ಮಾತಿಗೆ ಫೋನ್ ಇಡುತ್ತೀಯ. ಅದಕ್ಕೇ ಅಂಗಡಿಯ ಬಾಗಿಲು ಅರ್ಧ ಎಳೆದು ಬರೆಯಲು ಕೂತಿದ್ದೇನೆ. ಅಕ್ಷರ ತಪ್ಪಿದ್ದರೆ ನೀನೇ ತಿದ್ದಿಕೋ.

ಸೊಂಟ ಹೇಗಿದೆ? ಕ್ರೇನಿನ ಸೀಟಿಗೆ ದಿಂಬು ಹಾಕಿಕೋ ಎಂದು ಹೋಗುವಾಗಲೇ ಹೇಳಿದ್ದೆ, ಹಾಕಿಕೊಂಡಿರುವುದಿಲ್ಲ. ಬಂದರಿನ ಉಪ್ಪುಗಾಳಿಗೆ ಕೆಮ್ಮು ಬಂದಿದೆ ಎಂದು ನಿನ್ನ ಮನೆಯವಳು ಹೇಳಿದಳು. ಡಾಕ್ಟರಿಗೆ ತೋರಿಸು, ಪಕ್ಕದ ಕ್ರೇನಿನವನು ಕೊಟ್ಟ ಮಾತ್ರೆ ನುಂಗಬೇಡ. ಇಲ್ಲಿ ನಿನ್ನ ಅತ್ತಿಗೆಯ ಮಂಡಿನೋವು ಪರವಾಗಿಲ್ಲ, ಬೈಯುವಷ್ಟು ಶಕ್ತಿ ಬಂದಿದೆ. ನನ್ನ ಆರೋಗ್ಯಕ್ಕೇನೂ ಆಗಿಲ್ಲ, ಆಗಿರುವುದು ಬೇರೆ, ಅದನ್ನು ಮುಂದೆ ಬರೆಯುತ್ತೇನೆ.

ಈಗ ವಿಷಯ. ನಮ್ಮ ಪಿಟೀಲು (ಹುಟ್ಟಿದ ವಾರವೇ ಅವಳ ಅಳು ಕೇಳಿ ಆ ಹೆಸರಿಟ್ಟವನು ನಾನು, ಈಗ ಹೆಸರಿನಿಂದ ಕರೆಯೋಣ ಅಂದರೂ ಬಾಯಿಗೆ ಬರುವುದಿಲ್ಲ) ಕೇಳಿರುವುದು ಆಕಾಶವನ್ನೇನೂ ಅಲ್ಲ. ಹಿಂದಿನ ಬೀದಿಯ ಸ್ಟುಡಿಯೋದಮ್ಮ ಇಪ್ಪತ್ತನೇ ತಾರೀಖಿನಿಂದ ಅವಳನ್ನು ಕೆಲಸಕ್ಕೆ ಸೇರಿಸಿಕೊಳ್ಳುತ್ತೇನೆ ಅಂದಿದ್ದಾಳೆ. ಮದುವೆ, ಶಾಲೆಯ ಗುಂಪು, ಅಂಗಡಿಯವರ ಸಾಮಾನು ಎಲ್ಲ ತೆಗೆಯುವ ಕೆಲಸ. ಆದರೆ ಸ್ವಂತ ಕ್ಯಾಮೆರಾ ಇರಬೇಕು, ಫೋನು ನಡೆಯುವುದಿಲ್ಲ. ದುಡ್ಡನ್ನು ಅವಳೇ ಕೂಡಿಟ್ಟಿದ್ದಾಳೆ, ನಿನ್ನನ್ನು ಕೇಳಿಲ್ಲ. ಕೇಳಿರುವುದು ಒಂದು 'ಹೂಂ' ಮಾತ್ರ. ಅಪ್ಪ ಹೂಂ ಅನ್ನದೆ ಕೊಳ್ಳುವುದಿಲ್ಲ ಎಂದು ಹಟ ಹಿಡಿದಿದ್ದಾಳೆ. ಇಂಥ ಮಗಳು ನಿನ್ನಂಥವನಿಗೆ ಹೇಗೆ ಹುಟ್ಟಿದಳೋ. ನೀನು ಅವಳಿಗೆ ಹೇಳಿದ ಉತ್ತರ ನಿನ್ನ ಮನೆಯವಳಿಂದ ಕೇಳಿ ನನಗೆ ಬಾಯಿಪಾಠವಾಗಿದೆ. 'ನಿನ್ನ ದೊಡ್ಡಪ್ಪನೂ ಅಂಥದ್ದೇ ತಗೊಂಡು ಏನಂದ? ಇದು ಕ್ಯಾಮೆರಾ ಅಲ್ಲ, ಮಂಜು ತುಂಬಿದ ಡಬ್ಬ ಅಂದ. ಹೊಲಿಗೆ ಮೆಷಿನ್ ಜೊತೆ ನಲವತ್ತು ವರ್ಷ ಗುದ್ದಾಡಿದವನಿಗೇ ಆಗದ್ದು ನಿನಗಾಗುತ್ತಾ?'

ಅಂದಿದ್ದು ನಿಜ. ಹೋದ ವರ್ಷ ಫೋನಿನಲ್ಲಿ ನಿನಗೇ ಹಾಗೆ ಕಿರುಚಿದ್ದೆ. ಅದರ ಮುಂದಿನ ಕಥೆ ನಿನಗೆ ಹೇಳಿರಲಿಲ್ಲ. ಈಗ ಹೇಳುತ್ತೇನೆ, ಓದಿ ನಗುವುದಿದ್ದರೆ ಕ್ರೇನಿನ ಮೇಲೆ ಕೂತು ನಗು, ಯಾರಿಗೂ ಕೇಳಿಸದು.

ಕೊಂಡಿದ್ದು ಯಾಕೆ ಎಂದು ಮೊದಲು ಬರೆಯುತ್ತೇನೆ. ನನಗೆ ಮರೆವು ಬಂದಿದೆ. ಮನೆಯವರ ಹೆಸರು ಮರೆಯುವಂಥದ್ದಲ್ಲ. ದೊಡ್ಡ ಹೊಲಿಗೆ ಮೆಷಿನ್ ಬಿಚ್ಚಿ ಹರಡಿದರೆ ಯಾವ ಸ್ಕ್ರೂ ಎಲ್ಲಿಂದ ಬಂತು, ಯಾವ ವಾಷರ್ ಯಾವುದರ ಕೆಳಗಿತ್ತು ಎಂಬುದು ಊಟ ಮಾಡಿ ಬರುವಷ್ಟರಲ್ಲಿ ತಲೆಯಿಂದ ಹಾರಿಹೋಗುತ್ತದೆ. ಒಂದು ಸಲ ಪೂರ್ತಿ ಜೋಡಿಸಿ ಕಳಿಸಿದ ಮೇಲೆ ಮೇಜಿನ ಮೇಲೆ ಒಂದು ಸ್ಪ್ರಿಂಗ್ ಉಳಿದಿತ್ತು. ಆ ಮೆಷಿನ್ ಇನ್ನೂ ಓಡುತ್ತಿದೆ, ದೇವರಿಗೇ ಗೊತ್ತು ಹೇಗೆ. ಅಂದಿನಿಂದ ಒಂದೊಂದು ಭಾಗ ಬಿಚ್ಚುವಾಗಲೂ ಫೋನಿನಲ್ಲಿ ಫೋಟೋ ತೆಗೆಯತೊಡಗಿದೆ. ಆದರೆ ಫೋನು ನಯವಂಚಕ. ಎಲ್ಲವನ್ನೂ ಸವರಿ ನುಣ್ಣಗೆ ಮಾಡಿ ತೋರಿಸುತ್ತದೆ, ಮುಖಕ್ಕೆ ಪೌಡರ್ ಹಚ್ಚಿದ ಹಾಗೆ. ಒಂದು ಹಲ್ಲುಚಕ್ರದಲ್ಲಿ ಕೂದಲೆಳೆಯಷ್ಟು ಬಿರುಕಿತ್ತು. ನಾನು ಕಣ್ಣನ್ನು ನಂಬದೆ ಫೋಟೋ ದೊಡ್ಡದು ಮಾಡಿ ನೋಡಿದೆ. ಬಿರುಕೇ ಇಲ್ಲ. ಹಾಗೇ ಹಾಕಿ ಕೊಟ್ಟೆ, ಹತ್ತು ದಿನಕ್ಕೆ ಚಕ್ರ ಎರಡು ಹೋಳಾಯಿತು. ಆ ಟೈಲರಮ್ಮ ಅಂಗಡಿಯ ಮುಂದೆ ನಿಂತು ಆಡಿದ ಮಾತನ್ನು ಬರೆದರೆ ಕಾಗದ ಸುಟ್ಟುಹೋದೀತು. ಸಿಟ್ಟಿನಲ್ಲಿ ಹೋಗಿ ಕ್ಯಾಮೆರಾ ಕೊಂಡೆ. ಇಂಥ ಕ್ಯಾಮೆರಾಗಳಲ್ಲೇ ಕಡಿಮೆಯದು, ಹೊಸಬರಿಗೆ ಅಂತ ಮಾರುವುದು.

ಮನೆಗೆ ತಂದು ಹಿಂದಿನ ನೋಡುವ ತೂತಿಗೆ ಕಣ್ಣಿಟ್ಟರೆ ಬರೀ ಮಂಜು. ಮುಂದಿನ ಲೆನ್ಸಿನ ಬಳೆಯನ್ನು ಕೈಯಿಂದ ತಿರುಗಿಸಿದೆ. ಒಳಗೆ ಕರಕರ ಅಂದಿತೇ ಹೊರತು ಮಂಜು ಹೋಗಲಿಲ್ಲ. ಕ್ಯಾಮೆರಾವನ್ನು ಅದರ ಪಾಡಿಗೆ ಬಿಟ್ಟರೆ ಫೋಟೋ ಸ್ಪಷ್ಟ, ಬಳೆಯನ್ನು ನಾನೇ ತಿರುಗಿಸಿ ತೆಗೆದರೆ ಫೋಟೋವೂ ಮಬ್ಬು. ಕೊಂಡ ಅಂಗಡಿಗೆ ಹೋಗಿ ಗಾಜಿನ ಮೇಜಿನ ಮೇಲೆ ಕುಕ್ಕಿ ಕುರುಡು ಕ್ಯಾಮೆರಾ ಮಾರುತ್ತೀಯಾ ಎಂದು ಕೂಗಾಡಿದೆ. ಆತ ಕಣ್ಣಿಟ್ಟು ನೋಡಿ, 'ಚೆನ್ನಾಗೇ ಇದೆಯಲ್ಲ ಯಜಮಾನ್ರೇ' ಅಂದ. ಇನ್ನೊಂದನ್ನು ತೆಗೆದುಕೊಟ್ಟ, ಅದರಲ್ಲೂ ಮಂಜು. ನೀವೆಲ್ಲ ಸೇರಿ ಮಾಡುವ ಮೋಸ ಎಂದು ಬೈದು ಬಂದು, ನಿನಗೆ ಫೋನ್ ಮಾಡಿ, ಕ್ಯಾಮೆರಾವನ್ನು ಅರಗಳ ಡ್ರಾಯರಿಗೆ ಹಾಕಿ ಬೀಗ ಜಡಿದೆ.

ಎರಡು ತಿಂಗಳ ಮೇಲೆ ನಿನ್ನ ಮಗಳು ಅವಳಮ್ಮನ ಮೆಷಿನ್ ಬೆಲ್ಟಿಗೆ ಬಂದವಳು, ನಾನು ಅರ ತೆಗೆಯಲು ಡ್ರಾಯರಿನ ಬೀಗ ತೆಗೆದಾಗ ಅದನ್ನು ನೋಡಿದಳು. ಪೆಟ್ಟಿಗೆಯಲ್ಲಿದ್ದ ಪುಸ್ತಕವನ್ನು ಸ್ಟೂಲಿನ ಮೇಲೆ ಕೂತು ಮೊದಲ ಪುಟದಿಂದ ಓದಿದಳು. ಅಂಥ ಪುಸ್ತಕವನ್ನು ಯಾರಾದರೂ ಓದುತ್ತಾರೆಂದು ನನಗೆ ಗೊತ್ತೇ ಇರಲಿಲ್ಲ. ಆಮೇಲೆ, 'ದೊಡ್ಡಪ್ಪಾ, ಕನ್ನಡಕ ಹಾಕ್ಕೊಂಡು ನೋಡಿದ್ರಾ, ತೆಗೆದು ನೋಡಿದ್ರಾ?' ಅಂದಳು. ಕನ್ನಡಕ ತೂತಿಗೆ ತಗಲುತ್ತದೆ ಎಂದು ತೆಗೆದೇ ನೋಡುತ್ತಿದ್ದೆ. ತೂತಿನ ಪಕ್ಕದಲ್ಲಿ ಹೆಸರುಕಾಳಿನಷ್ಟು ಒಂದು ಚಕ್ರವಿದೆ. ಅದು ನೋಡುವವನ ಕಣ್ಣಿಗೆ ಹೊಂದಿಸುವುದಕ್ಕೆ, ಫೋಟೋಗಲ್ಲ. ನನ್ನ ಕಣ್ಣನ್ನು ತೂತಿಗೆ ಒತ್ತಿಸಿ ಒಂದೊಂದೇ ಹಲ್ಲು ತಿರುಗಿಸುತ್ತ, ಕನ್ನಡಕದ ಡಾಕ್ಟರ ಹಾಗೆ 'ಈಗ? ಈಗ?' ಎಂದು ಕೇಳಿದಳು. ಆರನೆಯದೋ ಏಳನೆಯದೋ ಹಲ್ಲಿಗೆ ಮೇಜಿನ ಮೇಲಿದ್ದ ಸೂಜಿಯ ಕಣ್ಣು ಕಾಣಿಸಿತು. ಮಬ್ಬು ಇದ್ದದ್ದು ನನ್ನ ಕಣ್ಣಿನಲ್ಲಿ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ, ನಾನು ಅಂಗಡಿಯವನ ಮೇಜನ್ನೇ ಡೊಂಕು ಮಾಡಿ ಬಂದಿದ್ದೆ.

ಯಾರಿಗೂ ಹೇಳಬೇಡ ಎಂದೆ. 'ಹೇಳಲ್ಲ ದೊಡ್ಡಪ್ಪಾ' ಅಂದಳು. ತಮ್ಮಾ, ಇಲ್ಲಿ ನಿಧಾನವಾಗಿ ಓದು. ಈ ವರ್ಷವೆಲ್ಲ ನೀನು ನನ್ನ ಬೈಗುಳವನ್ನೇ ಹಿಡಿದು ಅವಳ ಬಾಯಿ ಮುಚ್ಚಿಸಿದೆ. ಅವಳು ಒಂದೇ ಮಾತು ಹೇಳಿದ್ದರೆ ನಿನ್ನ ವಾದ ಬಿದ್ದುಹೋಗುತ್ತಿತ್ತು. 'ದೊಡ್ಡಪ್ಪನಿಗೆ ನೋಡಲು ಬಂದಿರಲಿಲ್ಲ, ಸರಿಮಾಡಿದ್ದು ನಾನು' ಅಂದಿದ್ದರೆ ಅಷ್ಟು ಸಾಕಿತ್ತು. ಹೇಳಲಿಲ್ಲ. ನನ್ನ ಮರ್ಯಾದೆಗೋಸ್ಕರ ಹೊಟ್ಟೆಯಲ್ಲಿ ಹಾಕಿಕೊಂಡಳು. ನಿನ್ನ ಷರತ್ತಿನ ವಿಷಯವೂ ಅವಳಿಂದ ಬಂದದ್ದಲ್ಲ, ಶನಿವಾರ ನಿನ್ನ ಮನೆಯವಳು ಬಂದು 'ಭಾವಾ, ಎರಡು ಸಾಲು ಬರೀರಿ' ಅಂದಾಗಲೇ ನನಗೆ ತಿಳಿದದ್ದು.

ಇನ್ನು ನೀನು ಕೇಳಿದ ಅಭಿಪ್ರಾಯ. ಈ ಬೀದಿಯಲ್ಲಿ ಇಂಥ ಕ್ಯಾಮೆರಾ ಇರುವವರು ಮೂವರು. ಹಲ್ಲಿನ ಡಾಕ್ಟರು ತಮ್ಮದನ್ನು ಬೀರುವಿನಲ್ಲಿಟ್ಟು, ಭಾರ ಎನ್ನುತ್ತಾರೆ. ಲೆಕ್ಕದ ಮೇಷ್ಟ್ರು ಇನ್ನೂ ಮೂರು ಲೆನ್ಸು ಕೊಂಡು ಚಂದ್ರನನ್ನು ಮಾತ್ರ ತೆಗೆಯುತ್ತಾರೆ. ಮೂರನೆಯವನು ನಾನು, ದಿನಾ ಬಳಸುವವನು. ಭಾರ ಇರುವುದು ನಿಜ, ಕುತ್ತಿಗೆಗೆ ಹಾಕಿಕೊಂಡರೆ ಎಮ್ಮೆಯ ಗಂಟೆ ಕಟ್ಟಿದಂತೆ. ಮೈ ಪ್ಲಾಸ್ಟಿಕ್ಕು. ಎಲ್ಲವನ್ನೂ ತಾನೇ ಮಾಡುವ ಹಸಿರು ಗುರುತಿನಲ್ಲಿಟ್ಟರೆ ಬೇಡದ ಕಡೆಯೆಲ್ಲ ಫ್ಲ್ಯಾಶ್ ಎದ್ದು ನಿಲ್ಲುತ್ತದೆ, ಅದನ್ನು ಬಿಟ್ಟು ಕಲಿಯಲು ಒಂದು ತಿಂಗಳು ತಲೆ ಕೆಡುತ್ತದೆ. ಕತ್ತಲೆ ಕೋಣೆಯಲ್ಲಿ ಜೊತೆಗೆ ಬಂದ ಲೆನ್ಸು ಏದುಸಿರು ಬಿಡುತ್ತದೆ. ಆದರೆ ಬ್ಯಾಟರಿ ವಾರ ಬರುತ್ತದೆ. ಬಿಸಿಲಿನಲ್ಲಿ ಫೋನಿನ ಪರದೆ ಕಾಣದ ಕಡೆ ತೂತಿನಲ್ಲಿ ಕಾಣುತ್ತದೆ. ಗುಂಡಿ ಒತ್ತಿದ ಕ್ಷಣಕ್ಕೇ ಟಕ್ ಎಂದು ತೆಗೆಯುತ್ತದೆ. ಬಿರುಕಿದ್ದರೆ ಬಿರುಕು ತೋರಿಸುತ್ತದೆ. ಹೊಸಬರು ಮೊದಲು ಇದನ್ನೇ ಕೊಳ್ಳಬೇಕು, ಜೊತೆಗೆ ಬಂದ ಲೆನ್ಸಿನಲ್ಲೇ ಒಂದು ವರ್ಷ ದುಡಿಯಬೇಕು, ಪುಸ್ತಕ ಓದಬೇಕು. ಇವಳು ಓದಿಯಾಗಿದೆ. ಈಗ ನನ್ನ ಮೆಷಿನ್‌ಗಳ ಫೋಟೋ ತೆಗೆಯುವವಳೂ ಹೆಚ್ಚಾಗಿ ಅವಳೇ. ಅವಳು ತೆಗೆದದ್ದನ್ನು ನೋಡಿ ಜೋಡಿಸಿದರೆ ಒಂದು ವಾಷರೂ ಹೆಚ್ಚಾಗುವುದಿಲ್ಲ. ಒಳ್ಳೇದು ಅನ್ನಬೇಕು ಅಂದೆಯಲ್ಲ, ತಗೋ: ಕ್ಯಾಮೆರಾ ಒಳ್ಳೇದು, ಹುಡುಗಿ ಅದಕ್ಕಿಂತ ಒಳ್ಳೆಯವಳು, ತಪ್ಪು ನನ್ನದು. ನನ್ನ ಕೈಬರಹದಲ್ಲಿದೆ. ಬೇಕಾದರೆ ಚೌಕಟ್ಟು ಹಾಕಿಸಿಕೋ.

ಎತ್ತರದಲ್ಲಿ ಕೂರುವವನು, ಇಳಿಯುವಾಗ ಏಣಿಯನ್ನು ಎರಡು ಕೈಯಲ್ಲಿ ಹಿಡಿದು ಇಳಿ. ಅತ್ತಿಗೆ ಕೇಳಿದಳೆಂದು ತಿಳಿ. ನಿನ್ನ ಸೊಂಟ, ಕೆಮ್ಮು ಎರಡೂ ನೆಟ್ಟಗಾಗಲಿ.

ನಿನ್ನ ಅಣ್ಣ

ಬರೆಯದೆ ಬಿಟ್ಟದ್ದು: ಸ್ಟುಡಿಯೋದಮ್ಮನಿಗೆ ನಿನ್ನೆಯೇ ಮಾತು ಕೊಟ್ಟು ಬಂದಿದ್ದೇನೆ, ಇಪ್ಪತ್ತಕ್ಕೆ ಹುಡುಗಿ ಕ್ಯಾಮೆರಾ ಸಮೇತ ಬರುತ್ತಾಳೆ ಎಂದು. ಪಿಟೀಲಿಗೆ ಇದು ಗೊತ್ತಿಲ್ಲ. ನಿನ್ನ ಹೂಂ ಬಂದರೆ ಅವಳು ಹೊಸದನ್ನು ಕೊಳ್ಳುತ್ತಾಳೆ. ಬರದಿದ್ದರೆ ನನ್ನದನ್ನು ಅವಳ ಕೈಗಿಡುತ್ತೇನೆ. ಕೊಳ್ಳುವುದಕ್ಕೆ ತಾನೇ ನಿನ್ನ ಒಪ್ಪಿಗೆ ಬೇಕಿರುವುದು, ದೊಡ್ಡಪ್ಪ ಕೊಟ್ಟದ್ದನ್ನು ತೆಗೆದುಕೊಳ್ಳುವುದಕ್ಕೆ ಯಾರ ಒಪ್ಪಿಗೆಯೂ ಬೇಡ. ನನ್ನದು ಹೋದ ಮೇಲೆ ನಾನು ದೊಡ್ಡ ಮೆಷಿನ್ ಬಿಚ್ಚುವುದಿಲ್ಲ, ಬೆಲ್ಟು ಸೂಜಿ ಮಾರಿಕೊಂಡಿರುತ್ತೇನೆ. ಇದು ಬೆದರಿಕೆಯಲ್ಲ, 'ಬೆಲ್ಟು, ಸೂಜಿ ಮಾತ್ರ' ಎಂದು ಅಂಗಡಿಗೆ ಹಾಕಲು ಬೋರ್ಡು ಬರೆಯುವವನಿಗೂ ಹೇಳಿಯಾಗಿದೆ. ಹದಿನೈದನೇ ತಾರೀಖು ಬುಧವಾರದೊಳಗೆ ಉತ್ತರ ನನ್ನ ಕೈಯಲ್ಲಿರಬೇಕು. ಫೋನ್ ಮಾಡಬೇಡ, ಎತ್ತುವುದಿಲ್ಲ. ಕಾಗದದಲ್ಲಿ ಬರೆ.