ಅರೆಸ್ಟ್ ಅಲ್ಲವಂತೆ

೧೪ ಜೂನ್ ೧೯೭೮, ಬುಧವಾರ

ಗೆದ್ದೆ. ಆದರೂ ನಿದ್ದೆ ಬರುತ್ತಿಲ್ಲ.

ಹೇರೋಹಳ್ಳಿಯ ನನ್ನ ಕಕ್ಷಿದಾರ ಹೊನ್ನಗಂಗಯ್ಯನನ್ನು ಬೆಳಗ್ಗೆ ಹಿಡಿದುಕೊಂಡು ಹೋಗಿ, ಅಂಗಿ ಬಿಚ್ಚಿಸಿ, ಠಾಣೆಯ ನೆಲದ ಮೇಲೆ ಕೂರಿಸಿದ್ದರು. ಯಾಕೆಂದು ಅವನಿಗೇ ಹೇಳಿರಲಿಲ್ಲ.

"ಅರೆಸ್ಟ್ ಮಾಡಿದ ಕೂಡ್ಲೇ ಕಾರಣ ಹೇಳ್ಬೇಕು ಸಾರ್. ಅದು ಕಾನೂನು," ಎಂದೆ.

ನನ್ನ ಕಪ್ಪು ಕೋಟು ನೋಡಿ ಇನ್‌ಸ್ಪೆಕ್ಟರು ನಕ್ಕರು. "ಅರೆಸ್ಟ್ ಎಲ್ಲಿ ಮಾಡಿದೀವಮ್ಮ? ಸುಮ್ನೆ ವಿಚಾರಣೆ."

"ಹಾಗಾದ್ರೆ ಅಂಗಿ ಯಾಕೆ ಬಿಚ್ಚಿಸಿದ್ರಿ? ಕೊಡಿ, ಮನೆಗೆ ಹೊರಡ್ತಾರೆ."

ಅವರು ಪೇದೆಗೆ ಕಣ್ಸನ್ನೆ ಮಾಡಿದರು. ಪೇದೆ ಅಂಗಿ ತಂದುಕೊಟ್ಟ. ಇನ್ನು ಯಾವ ಠಾಣೆಗೆ ಹೋದರೂ ನನಗೆ ಈ ಒಂದು ಪ್ರಶ್ನೆ ಸಾಕು.

ಹೊನ್ನಗಂಗಯ್ಯ ಅಂಗಿ ತೊಟ್ಟು ಮತ್ತೆ ನೆಲದ ಮೇಲೆಯೇ ಕುಳಿತ.

"ಏಳಿ, ಹೋಗೋಣ," ಎಂದೆ.

"ಅವ್ರು ಹೋಗು ಅನ್ಲಿ ತಾಯಿ, ಆಮೇಲೆ ಏಳ್ತೀನಿ."