ಮುನ್ನೆಡೆಯ ನಾಲ್ಕನೆಯ ಎಲೆ

ಫೆಬ್ರವರಿ 30, 2171
ಮುದ್ದನಕಟ್ಟೆ ದಾರಿಗಂಟು

ಓದಲಾಗದ ಸಹಿಯವರಿಗೆ, ಹೊನ್ನಾಂಬಿಕೆಯ ನಮಸ್ಕಾರಗಳು.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ತಿಂಗಳುಗಳನ್ನೆಲ್ಲ ಮೂವತ್ತು ದಿನಕ್ಕೆ ಸಮ ಮಾಡಿ ಬಹಳ ಕಾಲವಾಯಿತು. ನನ್ನ ಬರವಣಿಗೆಯಲ್ಲಿ ನಿಮಗೆ ಹೊಂದದ ಮಾತುಗಳು ಸಿಗಬಹುದು, ಮನ್ನಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಹಳೆಯ ಟೆಂಡರ್ ಕಾಗದಗಳಿಂದ ಕಲಿತವಳು. ಎಲ್ಲಾದರೂ ಬಿಗಿಯಾಗಿ ಕೇಳಿಸಿದರೆ ತಪ್ಪು ಆ ಕಾಗದಗಳದ್ದು. ಈ ಪತ್ರ ನಿಮ್ಮ ಕೈಗೆ ಹೇಗೆ ಬಂತೆಂದು ತಲೆ ಕೆಡಿಸಿಕೊಳ್ಳಬೇಡಿ. ನಿಮ್ಮ ಮೇಜಿನ ಮೇಲೆ ಈಗ ಒಂದು ನಕ್ಷೆ ಇದೆ, ಅದಕ್ಕಿನ್ನೂ ಸಹಿ ಬಿದ್ದಿಲ್ಲ. ಸಹಿ ಬಿದ್ದ ಪ್ರತಿ ನನ್ನ ಹತ್ತಿರ ಇದೆ. ಎಷ್ಟು ಸಲ ನೋಡಿದರೂ ನಿಮ್ಮ ಹೆಸರು ಬಿಡಿಸಲು ಆಗಲಿಲ್ಲ.

ನೀವು ಇಂಟರ್‌ಚೇಂಜ್ ಅನ್ನುವುದನ್ನು ನಾವು ದಾರಿಗಂಟು ಅನ್ನುತ್ತೇವೆ. ಒಂದು ಹೆದ್ದಾರಿಯಿಂದ ಇನ್ನೊಂದಕ್ಕೆ ಸುತ್ತಿ ಇಳಿಯುವ ಕುಣಿಕೆ, ಇಳಿದವರು ಓಡುವ ಗಾಡಿಗಳ ಜೊತೆ ಸೇರಿಕೊಳ್ಳುವ ಕೂಡುಪಟ್ಟಿ, ಎಲ್ಲವೂ ನೀವು ಎಳೆದ ಗೆರೆಯಂತೆಯೇ ಇವೆ. ಗಾಡಿಗಳು ತಾವೇ ಓಡುವ ಕಾಲ ಬರುತ್ತದೆಂದು ನೀವೆಲ್ಲ ನಂಬಿದ್ದಿರಂತೆ. ಬಂತು, ಸ್ವಲ್ಪ ಕಾಲ ಇತ್ತು, ಬಿಡಿಭಾಗ ಸಿಗದೆ ಹೊರಟುಹೋಯಿತು. ಸ್ಟೀರಿಂಗ್ ಮತ್ತೆ ನಮ್ಮ ಕೈಗೇ ಬಂದಿದೆ, ಆತುರವೂ ಜೊತೆಗೇ ಬಂದಿದೆ.

ನಮ್ಮಲ್ಲಿ ಚೆನ್ನಾಗಿ ಬೆಳೆದದ್ದು ಮುನ್ನೆಣಿಕೆಯ ವಿದ್ಯೆ. ತಿರುವು ಎಷ್ಟು ಬಿಗಿ, ಕೂಡುಪಟ್ಟಿ ಎಷ್ಟು ಉದ್ದ, ಹತ್ತುವ ದಾರಿಗೂ ಇಳಿಯುವ ದಾರಿಗೂ ನಡುವೆ ಎಷ್ಟು ಜಾಗ, ದಿನಕ್ಕೆ ಎಷ್ಟು ಗಾಡಿ. ಇಷ್ಟು ಹೇಳಿದರೆ ಸಾಕು, ಆ ಗಂಟಿನಲ್ಲಿ ವರ್ಷಕ್ಕೆ ಎಷ್ಟು ಜನ ಸಾಯುತ್ತಾರೆಂದು ಯಂತ್ರ ಹೇಳಿಬಿಡುತ್ತದೆ. ಆದರೆ ಅಂಕಿ ನೋಡಿ ಯಾರ ಕರುಳೂ ಚುರುಕ್ ಅನ್ನುವುದಿಲ್ಲ. ಅದಕ್ಕಾಗಿ ನಮ್ಮ ಹಿಂದಿನವರು ಮುನ್ನೆಡೆ ಎಂಬ ಪದ್ಧತಿ ತಂದರು. ತೀರಿಕೊಂಡ ಹಿರಿಯರಿಗೆ ನೀವು ಎಡೆ ಇಡುತ್ತೀರಲ್ಲ, ಇದು ಇನ್ನೂ ಸಾಯದವರಿಗೆ ಇಡುವ ಎಡೆ. ವರ್ಷದ ಮೊದಲ ದಿನ ಕೂಡುಪಟ್ಟಿಯ ಪಕ್ಕದ ಮಣ್ಣಿನಲ್ಲಿ, ಅಂಕಿ ಎಷ್ಟೋ ಅಷ್ಟು ಬಾಳೆಲೆ ಹಾಸಿ ಮುದ್ದೆ, ಹುರುಳಿಕಾಳಿನ ಸಾರು, ಒಂದೊಂದು ಹೋಳಿಗೆ ಬಡಿಸುತ್ತೇವೆ. ರಸ್ತೆ ನೋಡಿಕೊಳ್ಳುವ ಇಂಜಿನಿಯರುಗಳು ಆ ಎಲೆಗಳ ಎದುರು ಕೂತು ಉಣ್ಣಬೇಕು. ಬಡಿಸುವ ಕೆಲಸ ನಮ್ಮ ಮನೆಯದು. ಅಮ್ಮನ ನಂತರ ನನಗೆ ಬಂತು. ನಮ್ಮ ಗಂಟಿನ ಅಂಕಿ ಎರಡೂ ಮುಕ್ಕಾಲು. ಮುಕ್ಕಾಲು ಮನುಷ್ಯ ಎಲ್ಲೂ ಸಾಯುವುದಿಲ್ಲವಾದ್ದರಿಂದ ಮೂರು ಎಲೆ.

ಮೊದಲ ಸಲ ಮುನ್ನೆಡೆ ಇಟ್ಟಾಗ ಒಬ್ಬ ಇಂಜಿನಿಯರಿಗೂ ತುತ್ತು ಇಳಿಯಲಿಲ್ಲವಂತೆ. ನಾನು ಕಂಡವರು ಸಾರನ್ನು ಇನ್ನೊಂದು ಸಲ ಹಾಕಿಸಿಕೊಳ್ಳುತ್ತಾರೆ, ಹೋಳಿಗೆಗೆ ತುಪ್ಪ ಕೇಳುತ್ತಾರೆ.

ಊರಿನವರು ಅದಕ್ಕಿಂತ ಕೆಟ್ಟದ್ದನ್ನು ಕಲಿತರು. ಎಡೆ ಇಟ್ಟರೆ ಗಂಟಿಗೆ ಅದರ ಪಾಲು ಒಪ್ಪಿಸಿದಂತೆ ಎಂದುಕೊಂಡರು. ಮೂರು ಅಂದರೆ ಮೂರೇ, ಅಷ್ಟಾದ ಮೇಲೆ ವರ್ಷ ಪೂರ್ತಿ ಗಂಟು ತಣ್ಣಗಿರುತ್ತದೆ ಎಂಬ ನಂಬಿಕೆ. ಮೂರೂ ಆಗುವವರೆಗೆ ಸಾಧ್ಯವಾದವರೆಲ್ಲ ಹಳೆಯ ಸುತ್ತು ರಸ್ತೆಯಲ್ಲಿ ಓಡಾಡುತ್ತಾರೆ. ಮೂರನೆಯವರು ಹೋದ ದಿನ ಯಾರೂ ಬಾಯಿಬಿಟ್ಟು ಹೇಳದ ಒಂದು ನೆಮ್ಮದಿ ಊರಿಗೆ ಬರುತ್ತದೆ. ಮಣ್ಣು ಮಾಡಿ ಬಂದವರು ಟೀ ಕುಡಿಯುತ್ತಲೇ ಗಾಡಿಯ ಕೀ ಎಲ್ಲಿಟ್ಟೆ ಎಂದು ಹುಡುಕುತ್ತಾರೆ. ಆ ನೆಮ್ಮದಿಯನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ನನ್ನ ತಮ್ಮ ಓಬಳೇಶ ಹಾಲಿನ ಗಾಡಿ ಓಡಿಸುತ್ತಿದ್ದ. ಹೋದ ವರ್ಷ ದಸರೆಯ ಹೊತ್ತಿಗೆ ಮೂರನೆಯ ಸಾವಾಯಿತು. ಮಾರನೆಯ ಬೆಳಿಗ್ಗೆ ಅವನು ಕ್ಯಾನುಗಳನ್ನು ಏರಿಸುತ್ತಾ, ಇವತ್ತಿನಿಂದ ಗಂಟಿನ ಮೇಲೆಯೇ ಹೋಗುತ್ತೇನೆ ಎಂದ. ನಾನು ಬೇಡವೆಂದೆ. "ಮೂರೂ ಆಯ್ತಲ್ಲಕ್ಕಯ್ಯ, ಇನ್ನು ಈ ವರ್ಸ ಗಂಟು ಯಾರ್ನೂ ಕೇಳಲ್ಲ ಬಿಡು" ಎಂದು ನಕ್ಕ. "ಲೆಕ್ಕ ಅಂದ್ರೆ ಹಂಗಲ್ಲ ಕಣೋ, ಗಂಟಿಗೆ ಎಣಿಸೋಕೆ ಬರಲ್ಲ" ಎಂದೆ. ಅವನಿಗೆ ನಾನು ಯಾವಾಗಲೂ ಹೆದರುಪುಕ್ಕಲಿ. ಕುಣಿಕೆ ಇಳಿದು ವೇಗ ಹೆಚ್ಚಿಸಿಕೊಳ್ಳುವಷ್ಟರಲ್ಲಿ ಕೂಡುಪಟ್ಟಿ ಮುಗಿದುಹೋಯಿತು. ಹಿಂದಿನಿಂದ ಬಂದ ಲಾರಿಯವನಿಗೂ ಸರಿಯಲು ಜಾಗವಿರಲಿಲ್ಲ. ರಸ್ತೆಯ ಮೇಲಿನ ಹಾಲನ್ನು ತೊಳೆಯಲು ಮಧ್ಯಾಹ್ನದವರೆಗೆ ನೀರು ಹೊಯ್ದರು.

ಈ ವರ್ಷದ ಮುನ್ನೆಡೆಗೆ ನಾನು ನಾಲ್ಕು ಎಲೆ ಹಾಸಿದೆ. ಮೇಲಧಿಕಾರಿ ನೋಡಿ, "ಇದು ಮುಂದೆ ಹೋಗೋರಿಗೆ ಕಣಮ್ಮ, ಹೋದೋರಿಗಲ್ಲ. ಅಂಕಿ ಮೂರು, ಎಲೆ ಮೂರು" ಎಂದರು. ಕೆಟ್ಟ ಮನುಷ್ಯರೇನಲ್ಲ, ಮೆತ್ತಗೇ ಹೇಳಿದರು. ಊರಿನ ಹಿರಿಯರು ತಮ್ಮನನ್ನು ಹೆಚ್ಚಿಗೆ ಹೋದವನು ಅನ್ನುತ್ತಾರೆ, ಕರೆಯದ ಮನೆಗೆ ಊಟಕ್ಕೆ ಬಂದವನ ಹಾಗೆ. ನಾಲ್ಕನೆಯ ಎಲೆಯನ್ನು ಮಡಚಿ ಮನೆಗೆ ತಂದೆ. ಅಂದಿನಿಂದ ಗಂಟಿನ ಹತ್ತಿರ ಹೋದಾಗಲೆಲ್ಲ, ಆ ಮೂರು ಎಲೆಗಳ ಹಿಂದೆ ಅವನು ಕೂರಲು ಜಾಗವಿಲ್ಲದೆ ನಿಂತಿದ್ದಾನೆ ಅನ್ನಿಸುತ್ತದೆ. ನಾನು ಹಿಂತಿರುಗಿ ನೋಡುವುದಿಲ್ಲ. ಹಾಲಿನ ವಾಸನೆ ಮಾತ್ರ ಬರುತ್ತದೆ.

ಈ ವರ್ಷ ಎರಡು ತಿಂಗಳಿಗೇ ಇಬ್ಬರು ಹೋದರು. ಈಗ ಊರಿನಲ್ಲಿ ಎಲ್ಲರೂ ಎಲ್ಲರ ಮುಖ ನೋಡುತ್ತಿದ್ದಾರೆ. ತಮ್ಮನ ಮಗಳು ಚುಕ್ಕಿಗೆ ಗಾಡಿ ಓಡಿಸುವ ಲೈಸೆನ್ಸ್ ಬಂದಿದೆ. ಅಪ್ಪನ ಕೆಲಸವನ್ನು ತಾನೇ ನಡೆಸುತ್ತಾಳಂತೆ. ನಿನ್ನೆ ಅವಳು ನನಗೆ ಅಕ್ಕಿ ಆರಿಸಿಕೊಡುತ್ತಾ ಸಮಾಧಾನದ ದನಿಯಲ್ಲಿ, "ನೀನ್ ಹೆದ್ರಬೇಡ ಅತ್ತೆ. ಮೂರ್ನೇದು ಒಂದ್ ಆಗ್ಲಿ, ಆಮೇಲೇ ನಾನು ಗಾಡಿ ತೆಗೆಯೋದು" ಎಂದಳು. ಒಳ್ಳೆಯ ಹುಡುಗಿ, ಇರುವೆಯನ್ನೂ ತುಳಿಯುವವಳಲ್ಲ. ಯಾರದೋ ಸಾವಿಗೆ ಕಾಯುತ್ತಿದ್ದೇನೆ ಎಂಬುದು ಅವಳಿಗೆ ಹೊಳೆಯಲೇ ಇಲ್ಲ. ರಾತ್ರಿಯಿಡೀ ನಿಮ್ಮ ನಕ್ಷೆ ಹರಡಿಕೊಂಡು ಕೂತೆ.

ನಕ್ಷೆಯಲ್ಲಿ ಕೂಡುಪಟ್ಟಿ ಮೊದಲು ಉದ್ದವಾಗಿಯೇ ಇತ್ತು. ಅಳಿಸಿದ ಗೆರೆ ಇನ್ನೂ ಕಾಣುತ್ತದೆ. ಒಂದು ಕಲ್ಯಾಣ ಮಂಟಪದ ಕಾಂಪೌಂಡನ್ನು ಉಳಿಸಲು ನೀವದನ್ನು ಅರ್ಧಕ್ಕೆ ತಂದಿದ್ದೀರಿ. ನಿಮ್ಮ ಮೇಲೆ ಯಾರ್ಯಾರ ಒತ್ತಡವಿತ್ತೋ ನಾನರಿಯೆ. ಆ ಮಂಟಪ ನನ್ನ ಅಜ್ಜಿಯ ಕಾಲಕ್ಕೇ ಕುಸಿದುಹೋಯಿತು. ಈಗ ಆ ಜಾಗದಲ್ಲಿ ಆರು ಜಿಲ್ಲೆಗಳಿಗೆ ಕುಡಿಯುವ ನೀರು ಒಯ್ಯುವ ಮಹಾಕೊಳವೆ ಇದೆ, ನಮ್ಮಿಂದ ಅದನ್ನು ಅಲುಗಿಸಲಾಗದು. ಉದ್ದದ ಪಟ್ಟಿ ಇದ್ದಿದ್ದರೆ ಅಂಕಿ ಎಷ್ಟಾಗುತ್ತಿತ್ತೆಂದು ಯಂತ್ರವನ್ನು ಕೇಳಿದೆ. ಒಂದು ಎಲೆಯೂ ತುಂಬುವುದಿಲ್ಲ ಎಂದಿತು.

ಆ ಗೆರೆಯನ್ನು ಮತ್ತೆ ಎಳೆಯಿರಿ. ಎಳೆದರೆ ಈ ಪತ್ರ ಬರೆಯುವ ಪ್ರಸಂಗವೇ ನನಗೆ ಬರುವುದಿಲ್ಲ, ನಿಮ್ಮ ಕೈಯಲ್ಲಿ ಖಾಲಿ ಹಾಳೆ ಉಳಿಯುತ್ತದೆ. ಅದಕ್ಕಿಂತ ಒಳ್ಳೆಯ ಉತ್ತರ ನನಗೆ ಬೇಡ.

ಆಗುವುದೇ ಇಲ್ಲ ಅನ್ನುವುದಾದರೆ ಒಂದು ಉಪಕಾರ ಮಾಡಿ. ಸಹಿ ಹಾಕುವ ದಿನ ನಕ್ಷೆಯ ಪಕ್ಕದಲ್ಲಿ ಒಂದು ಎಲೆ ಹಾಸಿ ನನ್ನ ತಮ್ಮನಿಗೆ ಬಡಿಸಿ. ಅವನಿಗೆ ಸಾರು ಸ್ವಲ್ಪ ಖಾರವಿರಬೇಕು. ಎದುರಿಗೆ ನಿಮ್ಮ ಡಬ್ಬಿ ತೆರೆದು ಕೂತುಕೊಳ್ಳಿ. ನಮ್ಮ ಇಂಜಿನಿಯರುಗಳಿಗೆ ಎಲೆಗಳ ಎದುರು ಊಟ ಸಲೀಸಾಗಿ ಇಳಿಯುತ್ತದೆ. ನಿಮಗಿನ್ನೂ ಅಭ್ಯಾಸವಾಗಿಲ್ಲ ಎಂದು ನಂಬಿ ಬರೆದಿದ್ದೇನೆ. ಒಂದು ವೇಳೆ ತುತ್ತು ಇಳಿದರೆ, ಸಹಿ ಹಾಕಿ. ಈ ಸಲ ಹೆಸರನ್ನು ಬಿಡಿಸಿ ಬರೆಯಿರಿ, ಚುಕ್ಕಿಗೆ ಓದಲಾಗಬೇಕು.

ಇಂತಿ,
ಎಡೆಮನೆಯ ಹೊನ್ನಾಂಬಿಕೆ