ಆಪಿನಗಡ್ಡೆಯ ಮೂರು ಕಲ್ಲು

ಹೊಸಪೇಟೆ
ಮಂಗಳವಾರ, ಜೂನ್ ೧೦, ಸಂಜೆ

ಪ್ರೀತಿಯ ಕೃಷ್ಣಾ,

ನಿನ್ನ ಮೊಣಕಾಲು ಹೇಗಿದೆ? ರಾಯಚೂರಿನ ಬಿಸಿಲಿಗಾದರೂ ಅದು ಸ್ವಲ್ಪ ಸಡಿಲವಾಗಿರಬೇಕು. ನಿಮ್ಮ ಅಂಬಕ್ಕನ ಸೊಂಟದ ಮೂಳೆ ಕೂಡಿಕೊಳ್ಳುತ್ತಿದೆ ಎಂದು ಡಾಕ್ಟರು ಹೇಳಿದ್ದು ಕೇಳಿ ಸಮಾಧಾನವಾಯಿತು. ಆಕೆಯನ್ನು ಎಬ್ಬಿಸಿ ಕೂಡಿಸುವಾಗ ನೀನೊಬ್ಬಳೇ ಎತ್ತಲು ಹೋಗಬೇಡ, ಮನೆಗೆ ಒಂದು ಸೊಂಟ ಮುರಿದದ್ದು ಸಾಕು. ಇಲ್ಲಿ ನಾನೂ ಮೊಮ್ಮಗಳೂ ಕ್ಷೇಮ. ಕ್ಷೇಮ ಎಂದು ಎರಡು ದಿನದಿಂದ ಫೋನಿನಲ್ಲಿ ಹೇಳುತ್ತಲೇ ಇದ್ದೇನೆ. ಅದು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ನೀನು ಆ ಕಡೆಯಿಂದ ‘ಮತ್ತೇನ್ರಿ?’ ಎಂದ ಕೂಡಲೇ ನನ್ನ ಬಾಯಿಗೆ ‘ಏನಿಲ್ಲ’ ಎಂಬುದೊಂದೇ ಬರುತ್ತದೆ. ಅದಕ್ಕೇ ಈ ಕಾಗದ. ಮದುವೆಯಾದ ನಲವತ್ತೊಂದು ವರ್ಷದಲ್ಲಿ ನಾನು ನಿನಗೆ ಬರೆಯುತ್ತಿರುವ ಮೂರನೆಯ ಕಾಗದ ಇದು. ಮೊದಲಿನ ಎರಡಕ್ಕೆ ನೀನು ಇನ್ನೂ ಉತ್ತರ ಕೊಟ್ಟಿಲ್ಲ.

ಮೊದಲು ಬೈಗುಳ ತಿನ್ನುವ ಸಂಗತಿಯನ್ನೇ ಹೇಳಿಬಿಡುತ್ತೇನೆ. ಭಾನುವಾರ ಹರಿಪ್ರಿಯಾಳನ್ನು ಹೊಳೆಗೆ ಕರೆದುಕೊಂಡು ಹೋಗಿದ್ದೆ. ‘ಮೋಡ ಕಟ್ಟಿದ ಮ್ಯಾಲೆ ಕೂಸನ್ನ ಹೊಳಿಗೆ ಒಯ್ಯಬ್ಯಾಡ್ರಿ, ನಿಮ್ಮ ಪಕ್ಷಿ ಎಲ್ಲಿಗೂ ಓಡಿ ಹೋಗೂದಿಲ್ಲ’ ಎಂದು ನೀನು ಬಸ್ಸಿನ ಕಿಟಕಿಯಿಂದ ಹೇಳಿದ್ದು ನೆನಪಿತ್ತು. ಆದರೆ ಹುಡುಗಿ ಶನಿವಾರವೇ ಟೋಪಿ ತೆಗೆದಿಟ್ಟುಕೊಂಡು ಕುಳಿತಿದ್ದಳು. ನನಗಾದರೂ ಬಿಟ್ಟು ಹೋಗುವ ಮನಸ್ಸು ಎಲ್ಲಿತ್ತು? ರಿಟೈರಾದ ಮೇಲೆ ನಾನು ಕಟ್ಟಿದ ನಮ್ಮ ಹೊಳೆದಂಡೆ ಬಳಗದಲ್ಲಿ ನನಗಿಂತ ಚೆನ್ನಾಗಿ ನೀರುನಾಯಿಯ ಹೆಜ್ಜೆ ಗುರುತಿಸುವವಳು ಅವಳೊಬ್ಬಳೇ. ಒಂಬತ್ತು ವರ್ಷದ ಕೂಸು, ಕಣ್ಣು ಮಾತ್ರ ಹದ್ದಿನದು.

ಈ ಸಲದ ನಡಿಗೆ ಕಂಪ್ಲಿಯ ಕೆಳಗಿನ ಆಪಿನಗಡ್ಡೆಗೆ. ಹೊಳೆ ಅಲ್ಲಿ ಎರಡಾಗಿ ಸೀಳಿ ಹರಿಯುತ್ತದೆ, ನಡುವೆ ನಾಲ್ಕು ಎಕರೆಯಷ್ಟು ಬಂಡೆ, ಮರಳು, ಕರಿಜಾಲಿ, ಸುತ್ತಲೂ ಆಳೆತ್ತರದ ಆಪಿನ ಹುಲ್ಲು. ನಾವು ಹದಿನಾಲ್ಕು ಜನ. ಕಂಪ್ಲಿಯ ಅಕ್ಕಿ ಗಿರಣಿಯ ಕೊಟ್ರಯ್ಯನವರು ಬಳಗದ ಅಧ್ಯಕ್ಷರಾದ್ದರಿಂದ ಎಲ್ಲರಿಗೂ ಒಗ್ಗಾಣಿ, ಮಿರ್ಚಿ ಕಟ್ಟಿಸಿಕೊಂಡು ಬಂದಿದ್ದರು. ಮನುಷ್ಯ ಎಂಟು ಸಾವಿರ ಕೊಟ್ಟು ದುರ್ಬೀನು ಕೊಂಡಿದ್ದಾರೆ, ಆದರೆ ಅವರಿಗೆ ಇಂದಿಗೂ ಎಲ್ಲ ಹಕ್ಕಿಯೂ ಗುಬ್ಬಿಯೇ. ಎಂಟು ಗಂಟೆಗೆ ಅಂಬಿಗರ ಉಚ್ಚೆಂಗಪ್ಪ ತನ್ನ ಹರಿಗೋಲಿನಲ್ಲಿ ನಮ್ಮನ್ನೆಲ್ಲ ಮೂರು ಸಲಕ್ಕೆ ದಾಟಿಸಿ, ಒಂದು ಗಂಟೆಗೆ ಬರುತ್ತೇನೆಂದು ಆಚೆ ದಂಡೆಯ ತನ್ನ ಗುಡಿಸಲಿಗೆ ಹೋದ. ಅರವತ್ತು ದಾಟಿದ ಮನುಷ್ಯ, ಮಾತು ಕಡಿಮೆ.

ನಮ್ಮ ನಡಿಗೆಗೆ ನಾನು ಮಾಡಿರುವ ನಿಯಮಗಳು ನಿನಗೆ ಬಾಯಿಪಾಠವಾಗಿವೆ. ಅದರಲ್ಲಿ ನಾಲ್ಕನೆಯದು, ಕಲ್ಲಿನ ಮೇಲೆ ಕಲ್ಲು ಪೇರಿಸಬಾರದು, ಪೇರಿಸಿದ್ದು ಕಂಡರೆ ಬಿಡಿಸಿ ಇಡಬೇಕು. ಹಂಪಿಗೆ ಬರುವವರೆಲ್ಲ ಸ್ವಂತ ಮನೆಯಾಗಲಿ ಎಂದು ಹರಕೆ ಹೊತ್ತು ಕಲ್ಲು ಪೇರಿಸುತ್ತಾರೆ. ನಾವೂ ಮದುವೆಯಾದ ವರ್ಷ ಪೇರಿಸಿ, ಆಮೇಲೆ ಹದಿನೆಂಟು ವರ್ಷ ಬಾಡಿಗೆ ಮನೆಯಲ್ಲೇ ಇದ್ದೆವಲ್ಲ! ಅವರು ಎತ್ತುವ ಒಂದೊಂದು ಚಪ್ಪಟೆ ಕಲ್ಲಿನ ಕೆಳಗೂ ಓತಿಕ್ಯಾತವೋ ಚೇಳೋ ಕಪ್ಪೆಯೋ ಸಂಸಾರ ಹೂಡಿರುತ್ತದೆ. ನಮಗೆ ಒಂದು ಮನೆಯಾಗಲೆಂದು ಅವುಗಳ ಮನೆ ಕೀಳುವುದು ಯಾವ ನ್ಯಾಯ ಎಂದು ನಾನು ಎಷ್ಟು ಭಾಷಣ ಮಾಡಿಲ್ಲ. ಭಾನುವಾರ ಗಡ್ಡೆಯ ಮೇಲೆ ಇಳಿದು ಎಲ್ಲರೂ ಮುಂದೆ ಹೋದರು. ನಾನು ಹಿಂದೆ ಉಳಿದು ಚಪ್ಪಲಿ ಸರಿಮಾಡಿಕೊಳ್ಳುವಾಗ ಇಳಿಯುವ ಬಂಡೆಯ ಅಂಚಿನಲ್ಲೇ ಮೂರು ಕಲ್ಲು ಒಂದರ ಮೇಲೊಂದು ಕೂತಿದ್ದು ಕಂಡಿತು. ಮಂದಿ ಇಲ್ಲಿಗೂ ಬಂದರೇ ಎಂದು ಸಿಟ್ಟು ನೆತ್ತಿಗೇರಿತು. ಕೋಲಿನಿಂದ ತಳ್ಳಿದೆ, ಮೂರೂ ನೀರಿಗೆ ಬಿದ್ದವು. ಹರಿಪ್ರಿಯಾ ಪಕ್ಕದಲ್ಲೇ ಇದ್ದಳು. ‘ಅಜ್ಜಾ, ಯಾರೋ ಬೇಕಂತ ಇಟ್ಟಿದ್ದಿರಬೇಕು, ಕೇಳಬೇಕಾಗಿತ್ತು’ ಎಂದಳು. ಗಡ್ಡೆಯ ಮೇಲೆ ಯಾರನ್ನು ಕೇಳಲಿ ಎಂದು ನಗೆಯಾಡಿ ನಡೆದೆ.

ಬೆಳಗಿನ ಹೊತ್ತು ಬಹಳ ಚೆನ್ನಾಗಿತ್ತು. ನಾಲ್ಕು ಗೂಟ ಹೊಡೆದು ದಾರ ಕಟ್ಟಿ, ಆ ಚೌಕದೊಳಗಿರುವ ಹುಲ್ಲು, ಹುಳ, ಶಂಖ, ಇರುವೆ ಎಲ್ಲವನ್ನೂ ಪಟ್ಟಿ ಮಾಡುವುದು ಆ ದಿನದ ಕಮ್ಮಟ. ಹರಿಪ್ರಿಯಾಳ ಒಂದೇ ಚೌಕದಲ್ಲಿ ಮೂವತ್ತೇಳು ಜೀವ. ಮರಳಿನ ಮೇಲೆ ನೀರುನಾಯಿ ಮರಿಗಳು ಹೊರಳಾಡಿದ ಗುರುತು, ಮೀನಿನ ಹುರುಪೆ ತುಂಬಿದ ಹಿಕ್ಕೆ. ಕಲ್ಲುಗೊರವ ಬರೀ ಬಂಡೆಯ ಮೇಲೆ ಮೊಟ್ಟೆಯಿಟ್ಟಿತ್ತು. ಕಾಲಿಡುವ ಮುಂಚೆ ಹುಡುಗಿ ಕೂಗದಿದ್ದರೆ ಕೊಟ್ರಯ್ಯನವರು ಅದನ್ನು ತುಳಿದೇಬಿಡುತ್ತಿದ್ದರು.

ಹನ್ನೊಂದೂವರೆಗೆ ಸಂಡೂರು ಗುಡ್ಡದ ಕಡೆ ಆಕಾಶ ಕಪ್ಪಾಯಿತು. ನಮ್ಮ ತಲೆಯ ಮೇಲೆ ಹನಿ ಬೀಳುವ ಮೊದಲೇ ಹೊಳೆಯ ನೀರು ಕೆಂಪಾಗತೊಡಗಿತು. ಗುಡ್ಡದ ಹಳ್ಳ ಗಡ್ಡೆಯ ಮೇಲುಗಡೆಯೇ ಹೊಳೆಗೆ ಸೇರುತ್ತದೆ ಎಂಬುದು ನನಗೆ ಗೊತ್ತಿತ್ತು, ಪಾಠ ಹೇಳಿದ್ದೇನೆ. ಎಲ್ಲರನ್ನೂ ಇಳಿಯುವ ಬಂಡೆಯ ಹತ್ತಿರ ಕರೆತಂದೆ. ನೀರು ಬಂಡೆಯ ಅಂಚಿಗಿಂತ ಇನ್ನೂ ಒಂದು ಗೇಣು ಕೆಳಗಿತ್ತು, ದಾಟಲು ಏನೂ ತೊಂದರೆ ಇರಲಿಲ್ಲ. ಜೋರು ಮಳೆ ಹಿಡಿಯಿತು. ಹನ್ನೆರಡರ ಸುಮಾರಿಗೆ ಆಚೆ ದಂಡೆಗೆ ಉಚ್ಚೆಂಗಪ್ಪ ಓಡಿ ಬಂದ. ನಾವೆಲ್ಲ ಕೈ ಬೀಸಿ ಕೂಗಿದೆವು. ಅವನು ಹಣೆಗೆ ಕೈಯಿಟ್ಟು ಬಂಡೆಯ ಕಡೆಗೇ ನೋಡಿದ, ಎರಡು ಸಲ ನೋಡಿದ. ಆಮೇಲೆ ಹರಿಗೋಲನ್ನು ದಂಡೆಯಲ್ಲೇ ಬಿಟ್ಟು, ನಮಗೆ ಬೆನ್ನು ತಿರುಗಿಸಿ ಊರ ಕಡೆ ಓಡಿಬಿಟ್ಟ. ‘ಓಡಿದ್ನಲ್ರೀ ಮಗ!’ ಎಂದು ಕೊಟ್ರಯ್ಯನವರು ಕೂಗಿದ್ದು ಇನ್ನೂ ಕಿವಿಯಲ್ಲಿದೆ.

ನಾಲ್ಕು ಗಂಟೆಯವರೆಗೆ ಯಾರೂ ಬರಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಬಂಡೆ ಮುಳುಗಿತು, ನಮ್ಮ ಗೂಟ, ದಾರ ಮುಳುಗಿದವು, ನೀರು ಜಾಲಿ ಮರದ ಬುಡಕ್ಕೆ ಬಂತು. ನಾವು ಹಿಂದೆ ಹಿಂದೆ ಸರಿಯುತ್ತ ಗಡ್ಡೆಯ ನೆತ್ತಿಯ ಮೇಲೆ ಒತ್ತೊತ್ತಾಗಿ ನಿಂತೆವು. ಬಳಗದಲ್ಲಿದ್ದ ಕಾಲೇಜಿನ ಹುಡುಗಿಯರು ಅಳುತ್ತಿದ್ದರು. ಹರಿಪ್ರಿಯಾ ಅಳಲಿಲ್ಲ, ನನ್ನ ಬೆಲ್ಟು ಹಿಡಿದುಕೊಂಡು ನೀರನ್ನೇ ನೋಡುತ್ತಿದ್ದಳು. ಕೃಷ್ಣಾ, ಆ ನಾಲ್ಕು ತಾಸು ನಾನು ರಾಯರ ಹೆಸರನ್ನು ಎಷ್ಟು ಸಲ ಹೇಳಿದೆನೋ, ನಿನ್ನ ಹೆಸರನ್ನೂ ಅಷ್ಟೇ ಸಲ ಹೇಳಿದೆ. ಹೆದರಿದ್ದೆ. ಮಗನಿಗೆ ಏನು ಹೇಳಲಿ, ನಿನಗೆ ಏನು ಹೇಳಲಿ ಎಂಬುದೇ ತಲೆಯಲ್ಲಿ ಸುತ್ತುತ್ತಿತ್ತು.

ನಾಲ್ಕಕ್ಕೆ ಉಚ್ಚೆಂಗಪ್ಪ ಬಂದ. ಐದು ಜನ ಅಂಬಿಗರು, ದಪ್ಪ ಹಗ್ಗ, ಲಾರಿ ಟ್ಯೂಬು ಕಟ್ಟಿದ ದೊಡ್ಡ ಹರಿಗೋಲು. ಕಂಪ್ಲಿಯವರೆಗೆ ಓಡಿ ಹೋಗಿ ಕರೆತಂದಿದ್ದ. ಮೂರು ಸಲಕ್ಕೆ ದಾಟಿಸಿದರು. ನಾನೂ ಹರಿಪ್ರಿಯಾಳೂ ಕೊನೆಯ ಸಲಕ್ಕೆ. ನಡುಹೊಳೆಯಲ್ಲಿ ಹರಿಗೋಲು ಗಿರ್ರೆಂದು ತಿರುಗಿ ಬಂಡೆಗೆ ಬಡಿಯಿತು, ಹುಡುಗಿ ಅಂಚಿನಿಂದ ಹೊರಗೆ ಜಾರಿದಳು. ಉಚ್ಚೆಂಗಪ್ಪ ಹುಟ್ಟನ್ನು ಕೈಬಿಟ್ಟು ಅವಳ ಜಡೆಗೆ ಕೈಹಾಕಿ ಎಳೆದುಕೊಂಡ. ಎಳೆಯುವಾಗ ಅವನ ಬಲ ಹೆಗಲು ಬಂಡೆಗೆ ಬಡಿದು ಮೂಳೆ ಸರಿದಿದೆ. ಹುಡುಗಿಗೆ ಒಂದು ಗೀರೂ ಆಗಿಲ್ಲ, ಶಾಲೆಗೆ ಹೋಗಿಬರುತ್ತಿದ್ದಾಳೆ. ಇಷ್ಟು ಓದಿ ನೀನು ಕೂತಲ್ಲೇ ಅತ್ತುಬಿಡಬೇಡ, ಪೂರ್ತಿ ಓದು.

ನಿನ್ನೆ ಸೋಮವಾರ ಸಂಜೆ ಗಿರಣಿಯಲ್ಲಿ ಬಳಗದ ಸಭೆ ಸೇರಿತ್ತು. ಉಚ್ಚೆಂಗಪ್ಪನನ್ನೂ ಕರೆಸಿದ್ದರು. ಕೈಯನ್ನು ಪಂಚೆಯ ಜೋಳಿಗೆಯಲ್ಲಿ ಕಟ್ಟಿಕೊಂಡು, ಹೆಂಡತಿ ಯಮನಮ್ಮನ ಜೊತೆ ಬಂದು ಅಕ್ಕಿ ಚೀಲದ ಪಕ್ಕ ನಿಂತ. ‘ಲೇ, ನಮ್ಮನ್ನ ನೀರಾಗ ಬಿಟ್ಟು ಯಾಕ ಓಡಿದಲೇ? ನಾ ಕಣ್ಣಾರೆ ಕಂಡೀನಿ’ ಎಂದು ಕೊಟ್ರಯ್ಯನವರು ಶುರುಮಾಡಿದರು. ಅವನು ಹೇಳಿದ್ದು ಇಷ್ಟೇ: ‘ನನ್ನ ಮೂರು ಕಲ್ಲು ಕಾಣಲಿಲ್ರಿ. ಒಂದು ಮುಳುಗಿದ್ರ ಜಲ್ದಿ ದಾಟಸಬೇಕು, ಮೂರೂ ಮುಳುಗಿದ್ರ ಸಣ್ಣ ಹರಿಗೋಲು ಇಳಸಬಾರದು, ಅದು ನಮ್ಮಪ್ಪನ ಕಾಲದಿಂದ ಐತಿ. ಮಳಿಯಾಗ ಬಂಡೆ ಕಾಣಂಗಿಲ್ಲ, ಕಲ್ಲಷ್ಟೇ ಕಾಣತಾವ. ಹೊಳಿ ಮ್ಯಾಗ ಕಣ್ಣು ಮೋಸ ಮಾಡ್ತದ, ಕಲ್ಲು ಮಾಡಂಗಿಲ್ಲ. ಮೂರೂ ಮುಳುಗ್ಯಾವ ಅಂತ ದೊಡ್ಡ ಹರಿಗೋಲು ತರಾಕ ಓಡಿದೆ.’

ಯಾರೂ ನಂಬಲಿಲ್ಲ. ನಾವು ನಿಂತಿದ್ದಾಗ ಬಂಡೆಯೇ ಮುಳುಗಿರಲಿಲ್ಲ, ಇವನ ಕಲ್ಲು ಹೇಗೆ ಮುಳುಗಿತು, ಅಲ್ಲಿ ಕಲ್ಲೇ ಇರಲಿಲ್ಲ, ಸುಳ್ಳು ಹೇಳುತ್ತಾನೆ ಎಂದು ಎಲ್ಲರೂ ಒಂದೇ ಸಮ ಮಾತಾಡಿದರು. ಯಮನಮ್ಮ ಒಂದು ಮಾತು ಕೇಳಿದಳು: ‘ಓಡಿ ಹೋದ ಮನಿಷ್ಯಾ ತಿರುಗಿ ಯಾಕ ಬರ್ತಾನ್ರೀ, ಕೈ ಮುರಕೊಳ್ಳಾಕ?’ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಅದನ್ನೂ ಮಾಡಲಿಲ್ಲ, ಗೋಡೆಯ ಕ್ಯಾಲೆಂಡರ್ ನೋಡುತ್ತ ಕುಳಿತಿದ್ದೆ. ಅವನ ಹರಿಗೋಲಿನ ಪರವಾನಗಿ ರದ್ದು ಮಾಡಬೇಕೆಂದು ತಾಲ್ಲೂಕು ಕಚೇರಿಗೆ ಅರ್ಜಿ ಕೊಡುವುದೆಂದು ತೀರ್ಮಾನವಾಯಿತು. ನಾಳೆ ಹನ್ನೊಂದಕ್ಕೆ ಕೊಟ್ರಯ್ಯನವರು ಒಯ್ದು ಕೊಡುತ್ತಾರೆ. ಪರವಾನಗಿ ಹೋದರೆ ಅವನಿಗೆ ಬೇರೆ ಕಸುಬು ಬರುವುದಿಲ್ಲ.

ಯಾಕೆ ಬಾಯಿ ಬಿಡಲಿಲ್ಲ ಎಂದು ಕೇಳುತ್ತೀಯ. ಮಾಸ್ತರನ ಮಾನ ಹೋಗುತ್ತದೆಂದು ಒಂದು. ಅದಕ್ಕಿಂತ ದೊಡ್ಡದು ನಮ್ಮ ಮಗ ಪ್ರಭಂಜನನ ಭಯ. ಭಾನುವಾರ ರಾತ್ರಿಯೇ ದೋಣಿಮಲೈ ಗಣಿಯಿಂದ ಫೋನು ಮಾಡಿ, ‘ಅಪ್ಪಾ, ಅಂಬಿಗನ ತಪ್ಪು ಅಂತೀರಿ, ಅದಕ್ಕ ಸುಮ್ಮನಿದ್ದೀನಿ. ನಿಮ್ಮ ತಪ್ಪಾಗಿದ್ರ ನಾಳೆನ ಬಂದು ಕೂಸನ್ನ ಕರಕೊಂಡು ಹೋಗ್ತಿದ್ದೆ, ಇಲ್ಲೂ ಕಂಪನಿ ಶಾಲಿ ಐತಿ’ ಎಂದ. ಅವಳಿಲ್ಲದ ಮನೆಯನ್ನು ನೆನೆಸಿಕೊಂಡೇ ನನ್ನ ನಾಲಿಗೆ ಕಟ್ಟಿತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎಂದು ನೀನು ಅನ್ನುವುದು ಇಲ್ಲಿಗೇ ಕೇಳಿಸುತ್ತಿದೆ. ಬುದ್ಧಿ ಇನ್ನೂ ಪೂರ್ತಿ ಬಂದಿದೆಯೋ ಇಲ್ಲವೋ ನನಗೇ ತಿಳಿಯದು.

ನಿನ್ನ ಗುಳಿಗೆ ತಪ್ಪಿಸಬೇಡ. ಅಂಬಕ್ಕನಿಗೆ ನನ್ನ ನಮಸ್ಕಾರ, ಆಕೆ ಕೇಳಿದರೆ ಇದನ್ನು ಓದಿ ಹೇಳಬೇಡ. ರಾಯರು ನಿನ್ನನ್ನೂ ನಿನ್ನ ಮೊಣಕಾಲನ್ನೂ ಚೆನ್ನಾಗಿಟ್ಟಿರಲಿ. ತುಳಸಿಗೆ ದಿನಾ ನೀರು ಹಾಕುತ್ತಿದ್ದೇನೆ.

ನಿನ್ನ,
ವಾಸುದೇವ

ತಾ.ಕ.: ಬುಧವಾರ, ಬೆಳಿಗ್ಗೆ ಏಳು. ಬೇಗ ಬೇಗ ಬರೆಯುತ್ತಿದ್ದೇನೆ. ಮೇಲೆ ಎಲ್ಲ ಬರೆದೆ ಅಂದುಕೊಂಡಿದ್ದೆ, ಒಂದನ್ನು ಬಿಟ್ಟಿದ್ದೆ. ಆ ಅರ್ಜಿ ಬರೆದವನು ನಾನೇ. ಮಾಸ್ತರ ಅಕ್ಷರ ದುಂಡಗಿದೆ ಎಂದು ನನ್ನ ಕೈಗೇ ಪೆನ್ನು ಕೊಟ್ಟರು, ‘ಅಂಬಿಗನು ನಮ್ಮನ್ನು ಅಪಾಯದಲ್ಲಿ ಬಿಟ್ಟು ಓಡಿಹೋದನು’ ಎಂದು ನಾನು ಬರೆದು ಮೊದಲ ಸಹಿ ಹಾಕಿದೆ. ಏಳೂವರೆಯ ಕಂಪ್ಲಿ ಬಸ್ಸಿಗೆ ಹೋಗುತ್ತಿದ್ದೇನೆ. ಮೊದಲು ಉಚ್ಚೆಂಗಪ್ಪನ ಗುಡಿಸಲು, ಆಮೇಲೆ ಗಿರಣಿ. ಪ್ರಭಂಜನನಿಗೆ ಈಗಷ್ಟೇ ಫೋನು ಮಾಡಿ ಇದ್ದದ್ದು ಇದ್ದಂತೆ ಹೇಳಿದೆ. ಫೋನು ಇಟ್ಟುಬಿಟ್ಟ, ಕೂಸನ್ನು ಕರೆದೊಯ್ಯಲು ಸಂಜೆಯೊಳಗೆ ಬಂದೇ ಬರುತ್ತಾನೆ. ಹರಿಪ್ರಿಯಾಳಿಗೆ ಶಾಲೆಗೆ ಹೋಗು ಎಂದರೆ ಕೇಳಲಿಲ್ಲ, ಚಪ್ಪಲಿ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದಾಳೆ. ‘ನಾನೂ ಬರ್ತೀನಿ ಅಜ್ಜಾ, ನೀ ಒಬ್ಬನೇ ಹೋದ್ರ ಅರ್ಧಾ ಹೇಳಿ ವಾಪಸ್ ಬರ್ತಿ’ ಎನ್ನುತ್ತಿದ್ದಾಳೆ.